ಒಂದು ಹಿಡಿ ಚಿಪ್ಪಿ ಸುಣ್ಣದಿಂದ ಗಾಳಿಯ ಕತೆ ನೋಡುವುದು ಹೇಗೆ

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹಿನ್ನೀರಿನ ಹತ್ತಿರ. ಇಳಿತದ ಹೊತ್ತಿಗೆ ಜನ ಕೆಸರಿಗೆ ಇಳಿದು ಬೆಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುತ್ತಾರೆ. ಮಾಂಸ ಅಡುಗೆಗೆ, ಚಿಪ್ಪಿ ಸುಣ್ಣಕ್ಕೆ. ಆ ಸುಣ್ಣ ಕವಳಕ್ಕೂ (ಎಲೆ ಅಡಿಕೆಗೂ) ಬೇಕು, ಗೋಡೆಗೂ ಬೇಕು. ನಾನು ಹೈಸ್ಕೂಲಿನಲ್ಲಿ 26 ವರ್ಷ ವಿಜ್ಞಾನ ಹೇಳಿಕೊಟ್ಟವಳು. ಪ್ರಯೋಗಕ್ಕೆ ಬೇರೆ ಏನೂ ಸಿಗದ ವರ್ಷಗಳಲ್ಲೂ ಈ ಸುಣ್ಣ ಒಂದು ಕೈಗೆ ಸಿಗುತ್ತಿತ್ತು. ಈಗ ರಜೆಯಲ್ಲಿ ಮೊಮ್ಮಕ್ಕಳು ಬಂದರೆ ಜಗಲಿಯ ಮೇಲೆ ಅದೇ ಪಾಠ ನಡೆಯುತ್ತದೆ.

ಗಾಳಿ ಅಂದರೆ ಏನೂ ಇಲ್ಲದ ಜಾಗ ಅಂತ ಮಕ್ಕಳಿಗೆ ಅನಿಸುತ್ತದೆ. ಅದು ಮೊದಲಿನಿಂದ ಹೀಗೇ ಇತ್ತು ಅಂತ ದೊಡ್ಡವರಿಗೂ ಅನಿಸುತ್ತದೆ. ಎರಡೂ ಸರಿಯಲ್ಲ. ನಾವು ಉಸಿರಾಡುವ ಈ ಗಾಳಿಯನ್ನು ಹದ ಮಾಡಿದ್ದು ಜೀವಿಗಳು ಮತ್ತು ಕಲ್ಲುಗಳು. ಅದು ಈಗಲೂ ಬದಲಾಗುತ್ತಿದೆ. ಇದನ್ನು ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಕೈಯಲ್ಲಿ ಮಾಡಿಸಬೇಕು.

ಸುಣ್ಣದ ತಿಳಿ

ಮೊದಲು ಸುಣ್ಣದ ತಿಳಿ ಮಾಡಿಕೊಳ್ಳಿ. ನೀರು ಹಾಕಿ ಅರಳಿಸಿದ ಬಿಳಿ ಸುಣ್ಣವನ್ನೇ ತನ್ನಿ. ಸುಟ್ಟ ಹಸಿ ಸುಣ್ಣ ಮಕ್ಕಳ ಕೈಗೆ ಬೇಡವೇ ಬೇಡ, ಅದು ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಬಣ್ಣ, ಪರಿಮಳ ಹಾಕಿದ ಡಬ್ಬಿ ಸುಣ್ಣವೂ ಆಗುವುದಿಲ್ಲ. ಒಂದು ಲೀಟರ್ ನೀರು ಕುದಿಸಿ ಆರಿಸಿ. ಕರಾವಳಿಯ ಬಾವಿ ನೀರಿನಲ್ಲಿ ಕೆಲವು ಕಡೆ ಉಪ್ಪು ಇರುತ್ತದೆ, ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಬಾಟಲಿಯ ಕುತ್ತಿಗೆಯವರೆಗೆ ನೀರು ತುಂಬಿ, ದೊಡ್ಡ ಚಮಚ ಸುಣ್ಣ ಹಾಕಿ, ಬಿಗಿಯಾಗಿ ಮುಚ್ಚಿ, ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡಿ. ಒಂದು ಲೀಟರಿನಲ್ಲಿ ಕರಗುವುದು 2 ಗ್ರಾಂಗೂ ಕಡಿಮೆ, ಉಳಿದದ್ದು ಕೆಳಗೆ ಕೂರುತ್ತದೆ. ಬೆಳಗ್ಗೆ ಮೇಲಿನ ತಿಳಿಯನ್ನು ಕದಡದ ಹಾಗೆ ಇನ್ನೊಂದು ಬಾಟಲಿಗೆ ಬಗ್ಗಿಸಿ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸಿಡಿದರೆ ಉಜ್ಜಬಾರದು. ಕಾಲು ಗಂಟೆ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಈಗ ಕಾಲು ಲೋಟ ತಿಳಿಗೆ ಸ್ಟ್ರಾ ಇಟ್ಟು ಮೆಲ್ಲಗೆ ಊದಲು ಹೇಳಿ. ಊದುವುದು, ಹೀರುವುದಲ್ಲ. ಇದನ್ನು ಮಕ್ಕಳಿಗೆ ಎರಡು ಸಲ ಹೇಳಬೇಕು. ಮೊದಲ ಕೆಲವು ಗುಳ್ಳೆಗೆ ಏನೂ ಆಗುವುದಿಲ್ಲ. ಆಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಬಿಳಿ ಮಬ್ಬು ಬರುತ್ತದೆ. ಉಸಿರಿನಲ್ಲಿ ಸುಮಾರು 4% ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಅದು ಸುಣ್ಣದ ಜೊತೆ ಸೇರಿ ಪುಡಿಯಾಗಿದೆ. ಆ ಪುಡಿಯೂ ಬೆಳಚಿನ ಚಿಪ್ಪಿಯೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್.

ಇಲ್ಲಿ ಸ್ವಲ್ಪ ನಿಂತು ಒಂದು ಖಾಲಿ ಚಿಪ್ಪಿಯನ್ನು ಮಗುವಿನ ಅಂಗೈಯಲ್ಲಿ ಇಡಿ. ಇಂಥ ಚಿಪ್ಪಿಯನ್ನು 100 ಗ್ರಾಂ ಸುಟ್ಟರೆ ಸುಮಾರು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅಂದರೆ ಕೈಯಲ್ಲಿರುವ ಗಟ್ಟಿ ಚಿಪ್ಪಿಯ ಅರ್ಧದ ಹತ್ತಿರ ಹಿಡಿದಿಟ್ಟ ಗಾಳಿ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಇದನ್ನು ತೂಕ ಹಾಕಿ ಕಂಡುಕೊಂಡರು. ಶುಕ್ರ ಗ್ರಹದ ಗಾಳಿಯಲ್ಲಿ ಈಗಲೂ 96% ಕಾರ್ಬನ್ ಡೈಆಕ್ಸೈಡ್ ಇದೆ. ನಮ್ಮ ಭೂಮಿಯಲ್ಲಿ ಅದರ ಬಹುಪಾಲು ಸುಣ್ಣದ ಕಲ್ಲಾಗಿ ನೆಲದೊಳಗೆ ಕೂತಿದೆ. ನಾವು ಇಲ್ಲಿ ತಣ್ಣಗೆ ಬದುಕಿರುವುದಕ್ಕೆ ಅದು ದೊಡ್ಡ ಕಾರಣ.

ಐದರಲ್ಲಿ ಒಂದು ಪಾಲು

ಆಕ್ಸಿಜನ್ ಅಳೆಯಲು ಮೋಂಬತ್ತಿ ಪ್ರಯೋಗ ಮಾಡಬೇಡಿ. ತಟ್ಟೆಯ ನೀರಿನಲ್ಲಿ ಮೋಂಬತ್ತಿ ನಿಲ್ಲಿಸಿ ಲೋಟ ಕವುಚುತ್ತಾರಲ್ಲ, ಅದು. ನಾನೂ ಎಷ್ಟೋ ವರ್ಷ ಮಾಡಿಸಿದೆ. ಒಂದು ದಿನ ಎಂಟನೇ ತರಗತಿಯ ಹುಡುಗಿ ಕೇಳಿದಳು: "ಟೀಚರ್, ಆಕ್ಸಿಜನ್ ಖಾಲಿಯಾಗುತ್ತಾ ಹೋದ ಹಾಗೆ ನೀರು ಏರಬೇಕಿತ್ತು ಅಲ್ವಾ? ದೀಪ ಆರಿದ ಮೇಲೆ ಒಮ್ಮೆಲೇ ಯಾಕೆ ಏರಿತು?" ಅವಳು ನೋಡಿದ್ದು ಸರಿ. ನೀರು ಏರುವುದು ಹೆಚ್ಚಾಗಿ ಬಿಸಿ ಗಾಳಿ ತಣಿದು ಕುಗ್ಗುವುದರಿಂದ. ಮೋಂಬತ್ತಿ ಆರಿದಾಗ ಒಳಗೆ ಇನ್ನೂ ಬೇಕಾದಷ್ಟು ಆಕ್ಸಿಜನ್ ಇರುತ್ತದೆ. ಮರುದಿನ ತರಗತಿಯಲ್ಲಿ ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದು ಪಾಠ ತಿದ್ದಿಕೊಂಡೆ.

ಕಬ್ಬಿಣದಿಂದ ಮಾಡಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ಜುಂಗು ತುಕ್ಕು ಹಿಡಿಯುವುದಿಲ್ಲ, ಆಗದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಉಜ್ಜಲು ಕೊಡುವ ಸಣ್ಣ ಎಳೆಯ ಸ್ಟೀಲ್ ವುಲ್ ಬೇಕು. ಅದನ್ನು ಹತ್ತು ನಿಮಿಷ ವಿನೆಗರಿನಲ್ಲಿ ನೆನೆಸಿ, ನೀರಿನಲ್ಲಿ ಜಾಲಿಸಿ, ಜೋರಾಗಿ ಕೊಡವಿ. ವಿನೆಗರ್ ಉಳಿದರೆ ಹೈಡ್ರೋಜನ್ ಹುಟ್ಟಿ ಲೆಕ್ಕ ತಪ್ಪುತ್ತದೆ. ಎಳೆ ಬಿಡಿಸಿ ಉದ್ದನೆಯ ನೇರ ಲೋಟದ ತಳಕ್ಕೆ ಸಿಕ್ಕಿಸಿ. ತಟ್ಟೆಯಲ್ಲಿ ನೀರು ಹಾಕಿ, ಎರಡು ನಾಣ್ಯದ ಮೇಲೆ ಲೋಟ ಕವುಚಿ. ನೀರಿನ ಮಟ್ಟಕ್ಕೆ ದಾರ ಕಟ್ಟಿ ಗುರುತು ಮಾಡಿ. ತಟ್ಟೆಯ ನೀರು ಕಡಿಮೆಯಾದರೆ ಸೇರಿಸುತ್ತಾ ಇರಿ.

ಮರುದಿನ ಸ್ಕೇಲ್ ಹಿಡಿದು ನೋಡಿ. 15 ಸೆಂಟಿಮೀಟರ್ ಗಾಳಿ ಇದ್ದ ಲೋಟದಲ್ಲಿ ನೀರು ಹತ್ತಿರ ಹತ್ತಿರ 3 ಸೆಂಟಿಮೀಟರ್ ಏರಿರುತ್ತದೆ. ಎಳೆಗಳು ಕೆಂಪಾಗಿರುತ್ತವೆ. ಐದರಲ್ಲಿ ಒಂದು ಪಾಲು ಗಾಳಿಯನ್ನು ಕಬ್ಬಿಣ ನುಂಗಿದೆ. ಒಣ ಗಾಳಿಯಲ್ಲಿ ಆಕ್ಸಿಜನ್ 20.95%. ಉಳಿದದ್ದರಲ್ಲಿ ನೈಟ್ರೋಜನ್ 78%, ಆರ್ಗಾನ್ 0.93%. ಅಂಗೈ ಮುಚ್ಚಿ ಲೋಟ ಎತ್ತಿ, ಉರಿಯುವ ಕಡ್ಡಿ ಒಳಗೆ ಇಳಿಸಿ. ತಟ್ಟನೆ ಆರುತ್ತದೆ.

ಇದೇ ಕೆಲಸ ಒಮ್ಮೆ ಇಡೀ ಸಮುದ್ರದಲ್ಲಿ ನಡೆದಿತ್ತು. ಆದಿಯ ಗಾಳಿಯಲ್ಲಿ ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್, ನೀರಾವಿ, ಸ್ವಲ್ಪ ಮೀಥೇನ್ ಇದ್ದವು, ಆಕ್ಸಿಜನ್ ಇಲ್ಲವೇ ಇಲ್ಲ ಅನ್ನಬಹುದು. ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಬಿಸಿಲು ತಿಂದು ಆಕ್ಸಿಜನ್ ಬಿಡುವ ಸಯನೋಬ್ಯಾಕ್ಟೀರಿಯಾ ಎಂಬ ಸಣ್ಣ ಜೀವಿಗಳು ಬಂದವು. ಅವು ಬಿಟ್ಟ ಆಕ್ಸಿಜನ್ ಮೊದಲು ಕಬ್ಬಿಣದ ಪಾಲಾಯಿತು. ತುಕ್ಕು ಪದರ ಪದರವಾಗಿ ತಳಕ್ಕೆ ಕೂತಿತು. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಕ್ಸಿಜನ್ ಗಾಳಿಯಲ್ಲಿ ಉಳಿಯಲು ಶುರುವಾಯಿತು. ಸಂಡೂರು, ಬಾಬಾಬುಡನ್ ಕಡೆಯ ಕಬ್ಬಿಣದ ಕಲ್ಲಿನ ಪದರಗಳು ಅದಕ್ಕಿಂತಲೂ ಹಳೆಯವು. ಬಳ್ಳಾರಿ ಕಡೆಯ ಅದಿರು ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಬರುತ್ತಿದ್ದ ದಿನಗಳು ನಮ್ಮ ಕಡೆಯವರಿಗೆ ನೆನಪಿರಬಹುದು. ರಸ್ತೆ ಬದಿಯ ಎಲೆಗಳ ಮೇಲೆಲ್ಲ ಕೆಂಪು ಧೂಳು. ಆ ಕೆಂಪಿಗೂ ನಿಮ್ಮ ಲೋಟದ ಕೆಂಪಿಗೂ ಕಾರಣ ಒಂದೇ.

ಆಕ್ಸಿಜನ್ ಹುಟ್ಟುವುದನ್ನೂ ನೋಡಬೇಕು ಅನಿಸಿದರೆ ಕೆರೆಯ ಹೈಡ್ರಿಲ್ಲಾ ಗಿಡವನ್ನು ಗಾಜಿನ ಪಾತ್ರೆಯಲ್ಲಿ ಹಾಕಿ ಬಿಸಿಲಿಗೆ ಇಡಿ. ಕಾಂಡದ ತುದಿಯಿಂದ ಮಣಿ ಪೋಣಿಸಿದ ಹಾಗೆ ಗುಳ್ಳೆ ಏಳುತ್ತದೆ. ಮೋಡ ಬಂದರೆ ನಿಧಾನ ಆಗುತ್ತದೆ.

ಗೋಲಿ ಸೋಡಾ

ಇದು ನನ್ನ ಮೆಚ್ಚಿನದು. ಕಾಲು ಲೋಟ ಸುಣ್ಣದ ತಿಳಿಗೆ ಸಪ್ಪೆ ಗೋಲಿ ಸೋಡಾವನ್ನು ಚಮಚ ಚಮಚವಾಗಿ ಹಾಕಿ. ಬೆಳ್ಳಗಾಗುತ್ತದೆ. ನಿಲ್ಲಿಸಬೇಡಿ, ಲೋಟ ತುಂಬುವವರೆಗೆ ಹಾಕುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಬಿಳಿ ಮಾಯವಾಗಿ ಮತ್ತೆ ತಿಳಿಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹದವಾಗಿದ್ದಾಗ ಸುಣ್ಣ ಗಟ್ಟಿಯಾಯಿತು, ಜಾಸ್ತಿಯಾದಾಗ ಕರಗಿತು. (ಕುಡಿಯಬೇಡಿ, ಚೆಲ್ಲಿ.)

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಸಮುದ್ರ ಹೀರುತ್ತದೆ. ಸಮುದ್ರ ಸೋಡಾ ಆಗಿಲ್ಲ, ಆಗುವುದೂ ಇಲ್ಲ. ಆದರೆ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, ಇಳಿದಷ್ಟೂ ಹುಳಿಯ ಕಡೆಗೆ) ಸುಮಾರು 8.2 ಇದ್ದದ್ದು 8.1ಕ್ಕೆ ಇಳಿದಿದೆ. ನೀರು ಆ ಕಡೆಗೆ ವಾಲಿದಷ್ಟೂ ಚಿಪ್ಪಿ ಕಟ್ಟುವ ಜೀವಿಗಳಿಗೆ ಕೆಲಸ ಕಷ್ಟವಾಗುತ್ತದೆ. ಬೆಳಚು ಹೆಕ್ಕಿ ಬದುಕುವ ಊರಿನಲ್ಲಿ ಕೂತು ಈ ಲೋಟ ನೋಡುವಾಗ ನನಗೆ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜಗಲಿಯ ಬಟ್ಟಲು

ಕೊನೆಯದಕ್ಕೆ ತಾಳ್ಮೆ ಬೇಕು. ಅಗಲ ಬಾಯಿಯ ಎರಡು ಗಾಜಿನ ಬಟ್ಟಲಿಗೆ ಸುಣ್ಣದ ತಿಳಿ ಹಾಕಿ. ಒಂದಕ್ಕೆ ಬಿಗಿ ಮುಚ್ಚಳ, ಇನ್ನೊಂದನ್ನು ಜಗಲಿಯಲ್ಲಿ ತೆರೆದಿಡಿ. ಯಾರೂ ಊದಬೇಡಿ, ಅಲುಗಾಡಿಸಬೇಡಿ. ತೆರೆದಿಟ್ಟದ್ದರ ಮೇಲೆ ಹಾಲಿನ ಕೆನೆಯಂಥ ತೆಳು ಪದರ ಕಟ್ಟುತ್ತದೆ. ಕಡ್ಡಿ ತಾಗಿಸಿದರೆ ಹೊಳೆಯುವ ಚೂರಾಗಿ ಒಡೆಯುತ್ತದೆ.

ಈ ಪದರ ಬಂದದ್ದು ಬರೀ ಬಯಲಿನ ಗಾಳಿಯಿಂದ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಕಡಿಮೆ ಅಂದರೆ ಲಕ್ಷಕ್ಕೆ 42 ಪಾಲು. ಕಾರ್ಖಾನೆಗಳ ಕಾಲಕ್ಕೆ ಮೊದಲು 28 ಇತ್ತು. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಮೂವತ್ತೊಂದೂವರೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. ಕಾರ್ಖಾನೆಗಳ ಕಾಲದವರೆಗಿನ 8 ಲಕ್ಷ ವರ್ಷಗಳಲ್ಲಿ ಅದು 30ರ ಆಸುಪಾಸನ್ನು ದಾಟಿಲ್ಲ. ಈ ಲೆಕ್ಕವನ್ನು ಪದರ ಕಟ್ಟಿದ ಮೇಲೆ ಹೇಳಿ, ಮೊದಲು ಬೇಡ. ಮಕ್ಕಳು ಆಗ ಕೇಳಿಸಿಕೊಳ್ಳುತ್ತಾರೆ.

ಒಂದು ವಾರ ಆದ ಮೇಲೆ ನೀರು ಚೆಲ್ಲಿ. ಬಟ್ಟಲಿನ ಅಂಚಿಗೆ ಅಂಟಿದ ಬಿಳಿ ಗೆರೆ ತಿಕ್ಕಿದರೆ ಹೋಗುವುದಿಲ್ಲ. ಎರಡು ಚಮಚ ವಿನೆಗರ್ ಹಾಕಿ ತಿರುಗಿಸಿ, ಕಿವಿ ಹತ್ತಿರ ಹಿಡಿಯಿರಿ. ಚುಯ್ಯ್ ಅಂತ ಸಣ್ಣ ಸದ್ದು ಕೇಳುತ್ತದೆ. ವಾರವಿಡೀ ಹಿಡಿದಿಟ್ಟದ್ದು ಒಂದೆರಡು ನಿಮಿಷದಲ್ಲಿ ಗಾಳಿಗೆ ಹೋಗುತ್ತದೆ. ಬಟ್ಟಲನ್ನು ನೀರಿನಲ್ಲಿ ತೊಳೆದು ಬೋರಲು ಹಾಕಿ.