ಕೃಷಿ ಹೊಂಡದಲ್ಲಿ ಅರಬ್ಬಿ ಸಮುದ್ರ

ನಮ್ಮ ಕಿರುಚಿತ್ರದ ಬಿರುಗಾಳಿ ದೃಶ್ಯ ನೋಡಿದವರೆಲ್ಲ ಕೇಳೋದು ಒಂದೇ: ‘ಮಲ್ಪೆನಾ, ಕಾರವಾರನಾ?’ ಎರಡೂ ಅಲ್ಲ. ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೆಂಗಿನ ತೋಟದ ಪಕ್ಕ ಇರುವ ಕೃಷಿ ಹೊಂಡ. ಶುರುವಿನಲ್ಲಿ ನಕ್ಕವರೇ ಈಗ ಫೋನ್ ಮಾಡಿ ‘ಹೆಂಗ್ ಮಾಡ್ದೆ ಗುರು’ ಅಂತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು, ಬರೆದುಬಿಡುತ್ತೇನೆ. ಫ್ರೇಮ್ ರೇಟು, ಲೆನ್ಸು ಗೊತ್ತಿರೋರಿಗೆ ಇದು. ಪಾಠ ಮಾಡಲ್ಲ.

ಕಡಲಿಗೇ ಯಾಕೆ ಹೋಗಲಿಲ್ಲ? ಕಥೆಗೆ ಬೇಕಿದ್ದದ್ದು ಮಳೆಗಾಲದ ಕಡಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಆಗ ಯಾರಾದರೂ ಕರೆದುಕೊಂಡು ಹೋಗ್ತೀನಿ ಅಂದರೂ ನಾನು ಹತ್ತೋನಲ್ಲ. ಬೆಂಗಳೂರಿನ ಗ್ರಾಫಿಕ್ಸ್ ಗೆಳೆಯ ನಲವತ್ತು ಸೆಕೆಂಡಿಗೆ ಎರಡು ಲಕ್ಷದ ಹತ್ತಿರ ಹೇಳಿದ, ಅದೂ ‘ನಿನಗೆ ಅಂತ’. ನಮ್ಮ ಇಡೀ ಚಿತ್ರದ ಬಜೆಟ್ಟೇ ಅಷ್ಟಿರಲಿಲ್ಲ.

ಮೊದಲು ಕೆಆರ್‌ಎಸ್ ಹಿನ್ನೀರು. ಆಷಾಢದ ಗಾಳಿಗೆ ಅಲ್ಲೂ ನೀರು ಬೆಳ್ಳಗೆ ನೊರೆ ಕಟ್ಟುತ್ತೆ, ಆದರೆ ಅಲೆ ಗಿಡ್ಡ, ಒಂದರ ಹಿಂದೆ ಒಂದು ಅವಸರದಲ್ಲಿ ಬರುತ್ತೆ. ಕಡಲಿನ ಅಲೆಗೆ ನೂರಾರು ಮೈಲಿ ಗಾಳಿ ದೂಡಿದ ಬಲ ಇರುತ್ತೆ, ಹಿನ್ನೀರಿಗೆ ಅದು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಯಾವ ಕಡೆ ಕ್ಯಾಮೆರಾ ತಿರುಗಿಸಿದರೂ ಆಚೆ ದಡದ ತೆಂಗಿನ ಮರ.

ಆಮೇಲೆ ಮೈಸೂರಿನ ಮನೆ ಹಿಂದಿನ ಸಿಮೆಂಟ್ ತೊಟ್ಟಿ, ಒಂದೂವರೆ ಅಡಿಯ ಥರ್ಮಾಕೋಲ್ ದೋಣಿ. ಇಪ್ಪತ್ತೈದು ಅಡಿ ದೋಣಿಯ ಹದಿನಾರನೇ ಒಂದು ಪಾಲು. ಲೆಕ್ಕ ನಿಮಗೇ ಗೊತ್ತು, ದೋಣಿ ಎಷ್ಟು ಪಾಲು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ಹೆಚ್ಚು ಫ್ರೇಮಿನಲ್ಲಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದರೆ ಅಲೆ ನಿಧಾನವಾಗಿ, ದೊಡ್ಡದಾಗಿ ಕಾಣುತ್ತೆ. ಹದಿನಾರರ ವರ್ಗಮೂಲ ನಾಲ್ಕು, ಅಂದರೆ ಸೆಕೆಂಡಿಗೆ 24ರ ಬದಲು 96 ಫ್ರೇಮು. ಅಲೆ ನಿಜಕ್ಕೂ ಭಾರವಾಗಿ ಕಂಡಿತು. ಆದರೆ ದೋಣಿಯ ಮೂತಿಗೆ ನೀರು ಬಡಿದು ಹಾರಿದಾಗ ಬಂಡವಾಳ ಬಯಲು. ಅರ್ಧ ಸೆಂಟಿಮೀಟರಿನ ಹನಿ ಪರದೆ ಮೇಲೆ 8 ಸೆಂ.ಮೀ. ಆಗುತ್ತೆ, ದೋಣಿ ಮೇಲೆ ಯಾರೋ ಮೂಸಂಬಿ ಎಸೆದ ಹಾಗೆ. ಎಲ್ಲರೂ ಅಲೆಯ ಹಿಂದೆ ಬೀಳ್ತಾರೆ. ಅಲೆಯನ್ನು ಚಿಕ್ಕದು ಮಾಡಬಹುದು, ಹನಿಯನ್ನು ಆಗಲ್ಲ, ನೀರಿನ ಮೇಲ್ಮೈ ಎಳೆತ, ಅಂದರೆ ಹನಿಯನ್ನು ಒಟ್ಟಿಗೆ ಹಿಡಿದಿಡುವ ಬಲ, ನಮ್ಮ ಸ್ಕೇಲಿಗೆ ಬಗ್ಗಲ್ಲ. ಕಡಲು ಸುಳ್ಳು ಅಂತ ಕಣ್ಣಿಗೆ ಹೇಳೋದು ಹನಿ. ಇದೊಂದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ದಾರಿಗೆ ಬಂತು.

ಹನಿ ಸಣ್ಣದಾಗಬೇಕಾದರೆ ಮೊದಲು ದೋಣಿ ದೊಡ್ಡದಾಗಬೇಕು. ಶ್ರೀರಂಗಪಟ್ಟಣದ ಬಡಗಿಯೊಬ್ಬರ ಹತ್ತಿರ ನಾಲ್ಕು ಅಡಿಯ ಮರದ ದೋಣಿ ಮಾಡಿಸಿದೆ, ಒಂಬತ್ತು ಸಾವಿರವೋ ಹತ್ತೋ ಆಯಿತು. ಈಗ ಸ್ಕೇಲ್ ಆರನೇ ಒಂದು. ಲೆಕ್ಕದ ಪ್ರಕಾರ 60 ಫ್ರೇಮು ಸಾಕು. ನಾನು 100ಕ್ಕೆ ಹೋದೆ, ನೋಡಲು ಅದೇ ಚೆನ್ನಾಗಿತ್ತು. ಅಷ್ಟು ದೊಡ್ಡ ದೋಣಿಗೆ ತೊಟ್ಟಿ ಸಾಲದು, ಹಾಗಾಗಿ ಹೊಂಡ. ಹತ್ತು ಮೀಟರ್ ಚೌಕ, ಮೂರು ಮೀಟರ್ ಆಳ, ಸುತ್ತ ಇಳಿಜಾರು. ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತೆ.

ಹನಿ ಒಡೆಯೋಕೆ ನೀರಿಗೆ ಸೋಪಿನಂಥದ್ದು ಬೆರೆಸಬೇಕಿತ್ತು, ಆದರೆ ಚಿಕ್ಕಪ್ಪ ಅದರಲ್ಲಿ ಕಾಟ್ಲಾ ಮೀನಿನ ಮರಿ ಬಿಟ್ಟಿದ್ದರು. ‘ಮೀನು ಹಿಡಿಯೋಗಂಟ ಒಂದು ತೊಟ್ಟು ಸೋಪು ಬೀಳಂಗಿಲ್ಲ ಕಣ್ಲಾ’ ಅಂದರು. ನ್ಯಾಯವೇ. ಹಿಡಿಯುವುದು ಮಾಘ ದಾಟಿತು. ಒಳ್ಳೇದೇ ಆಯ್ತು, ಗಾಳಿ ಇಲ್ಲದ ಸಂಜೆಗಳು ಸಿಕ್ಕವು. ಬಿರುಗಾಳಿ ತೆಗೆಯೋಕೆ ಗಾಳಿ ಇರಬಾರದು, ಬೇಕಾದ ಕಡೆ ನಾವೇ ಹಾಕಬೇಕು.

ಅಲೆಗೆ ಹಳೇ ಕಾಲದ ಏತವೇ ಗತಿ. ಉದ್ದ ಬೊಂಬಿನ ತುದಿಗೆ 200 ಲೀಟರಿನ ಖಾಲಿ ಡ್ರಮ್ಮು ಕಟ್ಟಿ ಇಬ್ಬರು ಹುಡುಗರು ನೀರಿಗೆ ಅದುಮಿ ಬಿಡೋದು. ಮೊದಮೊದಲು ಅಲೆ ಎದುರು ದಡಕ್ಕೆ ಬಡಿದು ವಾಪಸ್ ಬಂದು, ಹೊಂಡವೆಲ್ಲ ನಿಂತಲ್ಲೇ ಕುಣಿಯುತ್ತಿತ್ತು. ದೊಡ್ಡ ತೊಟ್ಟಿಗಳಲ್ಲಿ ಇದಕ್ಕೆ ಇಳಿಜಾರು ದಡ ಕಟ್ಟುತ್ತಾರೆ. ನಾನು ಕಬ್ಬಿನ ತರಗನ್ನು ಹೊರೆ ಕಟ್ಟಿಸಿ ಎರಡು ಬದಿಯ ಇಳಿಜಾರಿಗೆ ಮಲಗಿಸಿದೆ. ಅಲೆ ಹೋಗಿ ಅಲ್ಲೇ ಸತ್ತಿತು. ಪೈಸೆ ಖರ್ಚಿಲ್ಲ.

ಮೂರನೇ ಬದಿ ಪಡುವಣ, ಅಲ್ಲಿ ಕ್ಷಿತಿಜ ಬೇಕು. ಮಾಲ್ಟಾ ದ್ವೀಪದ ಸಿನಿಮಾ ಸ್ಟುಡಿಯೋದಲ್ಲಿ ಕಡಲ ದಂಡೆಯಲ್ಲೇ ತೊಟ್ಟಿ ಕಟ್ಟಿ ಅಂಚಿನ ಮೇಲೆ ನೀರು ಚೆಲ್ಲುವಂತೆ ಬಿಡುತ್ತಾರೆ, ತೊಟ್ಟಿಯ ನೀರು ಹಿಂದಿನ ಕಡಲಿಗೆ ಸೇರಿಕೊಂಡಂತೆ ಕಾಣುತ್ತೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೋಡಿ ಬಿದ್ದ ಕೆರೆಯನ್ನು ನೀರಿನ ಮಟ್ಟಕ್ಕೆ ತಲೆ ಬಗ್ಗಿಸಿ ನೋಡಿ. ಪಡುವಣ ಬದುವನ್ನು ಅರ್ಧ ಅಡಿ ತಗ್ಗಿಸಿ, ಮಟ್ಟಗೋಲು ಇಟ್ಟು ಹಲಗೆ ಕೂರಿಸಿ, ಮೇಲೆ ಲೈನರ್ (ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ) ಹೊದಿಸಿದೆ. ಚೆಲ್ಲಿದ ನೀರು ಕಾಲುವೆಗೆ, ಅಲ್ಲಿಂದ ಒಂದು ಎಚ್‌ಪಿ ಮೋಟರಲ್ಲಿ ವಾಪಸ್. ಹಿಂದಿನ ತೆಂಗಿನ ಮರಗಳಿಗೆ ಹಸಿ ತರಗಿನ ಹೊಗೆ ಹಾಕಿಸಿದೆ. ಮರ ಮಾಯ, ಆಕಾಶಕ್ಕೂ ಮುಂಗಾರಿನ ಬಣ್ಣ.

ಈಗ ಹನಿ. ಅಂಟುವಾಳ ನೆನೆಸಿದ ನೀರು ಬೆರೆಸಿದೆ, ಮೇಲ್ಮೈ ಎಳೆತ ಇಳಿದು ಹನಿ ಒಡೆಯುತ್ತೆ, ನೊರೆಯೂ ಬರುತ್ತೆ. ಎಷ್ಟು ಅಂತ ಕೇಳಬೇಡಿ, ಕೈ ಅಳತೆ. ನೊರೆ ಜಾಸ್ತಿಯಾದರೆ ಬಟ್ಟೆ ಒಗೆದ ನೀರು, ಕಡಿಮೆಯಾದರೆ ಹಳೇ ಕಥೆ. ಅದರ ಜೊತೆ ಇನ್ನೊಂದು ಪುಡಿ ಹಾಕಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ನನ್ನ ಹೊಟ್ಟೆಪಾಡೂ ಇದೆ. ನಿಜವಾದ ಕೆಲಸ ಮಾಡಿದ್ದು ಔಷಧಿ ಹೊಡೆಯೋ ಪೆಟ್ರೋಲ್ ಬ್ಲೋವರ್, ಬಾಡಿಗೆ ದಿನಕ್ಕೆ ಐನೂರು. ಟ್ಯಾಂಕಿಗೆ ಬರೀ ನೀರು ಹಾಕಿ ಅಲೆಯ ನೆತ್ತಿಗೆ ಅಡ್ಡಡ್ಡ ಬಿಟ್ಟರೆ ಮಂಜಿನಂಥ ತುಂತುರು, ಉಳಿದ ದಪ್ಪ ಹನಿಗಳೂ ಅದರಲ್ಲೇ ಮುಚ್ಚಿಹೋಗುತ್ತವೆ. ಬೆನ್ನಿಗೆ ಕಟ್ಟಿಕೊಂಡ ಹುಡುಗನ ನೆರಳು ಫ್ರೇಮಿಗೆ ಬರದಂತೆ ನೋಡಿಕೊಳ್ಳಿ, ಅಷ್ಟೇ.

ನಡುವೆ ಆಲೆಮನೆಯವರ ಮಾತು ಕೇಳಿ ಬೆಂಡೆ ಗಿಡದ ಲೋಳೆಯನ್ನೂ ಪ್ರಯೋಗಿಸಿದೆ. ಬೆಲ್ಲದ ಕೊಳೆ ತೆಗೆಯೋಕೆ ಹಾಕ್ತಾರಲ್ಲ, ಅದೇ. ಒಂದು ಡ್ರಮ್ಮಿನಲ್ಲಿ ಕಲಸಿ ನೋಡಿದರೆ ನೀರು ಎಳೆ ಎಳೆ. ಕಡಲಿಗೆ ಕೆಲಸಕ್ಕೆ ಬಾರದು, ಆದರೆ ಎಣ್ಣೆ ಸೋರಿದ ನೀರು ತೋರಿಸಬೇಕಾದವರು ನೆನಪಿಟ್ಟುಕೊಳ್ಳಿ. ಇಟಲಿಯ ನಿರ್ದೇಶಕ ಫೆಲಿನಿ 1983ರ ‘ಇ ಲಾ ನಾವೆ ವಾ’ ಚಿತ್ರದಲ್ಲಿ ಸ್ಟುಡಿಯೋ ಒಳಗೆ ಪ್ಲಾಸ್ಟಿಕ್ ಹಾಳೆಯನ್ನೇ ಸಮುದ್ರ ಮಾಡಿದ್ದ, ಅದು ಪ್ಲಾಸ್ಟಿಕ್ ಅಂತ ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಆ ಆಸೆಗೆ ಕರಿ ಪಾಲಿಥಿನ್ ತಂದು ನಾಲ್ಕು ಜನ ಹಿಡಿದು ಅಲ್ಲಾಡಿಸಿದೆವು. ರಾತ್ರಿಯ ದೂರದ ಒಂದು ಶಾಟಿಗೆ ಬಳಕೆ ಆಯಿತು, ಚಿತ್ರದಲ್ಲಿ ಇದೆ, ಯಾರೂ ಹಿಡಿದಿಲ್ಲ.

ಬೆಳಕಿನ ವಿಷಯಕ್ಕೆ ಗುರು ರಷ್ಯಾದ ಚಿತ್ರಕಲಾವಿದ ಐವಾಜೊವ್‌ಸ್ಕಿ. ಆರು ಸಾವಿರದಷ್ಟು ಚಿತ್ರ ಬರೆದವನು, ಬಹುಪಾಲು ಕಡಲು, ಅದೂ ಸ್ಟುಡಿಯೋದಲ್ಲಿ ಕೂತು ನೆನಪಿನಿಂದ. 1850ರ ‘ಒಂಬತ್ತನೇ ಅಲೆ’ ನೋಡಿ, ಸೂರ್ಯ ಅಲೆಯ ಹಿಂದಿದ್ದಾನೆ, ನೆತ್ತಿಯ ತೆಳು ನೀರು ಹೊಳೆಯುತ್ತೆ, ಬುಡ ಕಪ್ಪು. ಹೊಂಡದ ಕರಿ ಲೈನರ್ ಬುಡದ ಕಪ್ಪನ್ನು ಪುಕ್ಕಟೆ ಕೊಟ್ಟಿತು, ಐದೂವರೆಯ ಬಿಸಿಲು ನೆತ್ತಿಯನ್ನು. ದಿನಕ್ಕೆ ಸಿಗೋದು ಇಪ್ಪತ್ತು ನಿಮಿಷ, ಅದರಲ್ಲಿ ಮೋಟರಿನ ಕರೆಂಟ್ ಹೋದರೆ ಆ ದಿನ ಮುಗೀತು.

‘ಕಡಲು ಇಲ್ಲದ ಊರಲ್ಲಿ ಕಡಲು ಮಾಡ್ತಾನಂತೆ’ ಅಂದವರಿಗೆ ಒಂದು ಮಾತು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ರಾಮ ಬಿಲ್ಲು ಹಿಡಿದು ವರುಣನ ಮೇಲೆ ಮುನಿದು ನಿಂತಿದ್ದಾನೆ, ಎದುರಿಗೆ ಕೆರಳಿದ ಕಡಲು. ಮೈಸೂರಿನ ಎಷ್ಟೋ ಜನ ಕಡಲು ಅಂತ ಮೊದಲು ನೋಡಿದ್ದು ಅದನ್ನೇ. ‘ಲೈಫ್ ಆಫ್ ಪೈ’ (2012) ಕಡಲನ್ನು ತೈವಾನಿನ ತೈಚುಂಗ್‌ನಲ್ಲಿ, ಬಳಕೆ ನಿಂತ ವಿಮಾನ ನಿಲ್ದಾಣದಲ್ಲಿ ತೊಟ್ಟಿ ಕಟ್ಟಿ ಎಬ್ಬಿಸಿದರು. ಅವರ ಹತ್ತಿರ ದುಡ್ಡಿತ್ತು, ನನ್ನ ಹತ್ತಿರ ಚಿಕ್ಕಪ್ಪ ಇದ್ದರು.

ಖರ್ಚು ಒಟ್ಟು ನಲವತ್ತು ಸಾವಿರದ ಒಳಗೆ. ದೋಣಿ, ಹಲಗೆ, ಪೆಟ್ರೋಲು, ಹುಡುಗರ ಊಟ, ಜೊತೆಗೆ ಡ್ರಮ್ಮಿನ ಅಂಚು ತಾಗಿ ಹರಿದ ಲೈನರಿಗೆ ಆರು ಸಾವಿರ. ಚಿಕ್ಕಪ್ಪ ಈಗ ಹೊಂಡಕ್ಕೆ ದಿನದ ಬಾಡಿಗೆ ಗೊತ್ತು ಮಾಡಿದ್ದಾರೆ, ನನಗೂ ಸೇರಿಸಿ.

ಮಾಡೋರು ಒಂದು ಮಾತ್ರ ಮರೆಯಬೇಡಿ. ನೆಂದ ಲೈನರ್ ಮೇಲೆ ಕಾಲಿಟ್ಟರೆ ಜಾರುತ್ತೆ, ಅಂಟುವಾಳ ಬೆರೆತರೆ ಕೇಳಲೇಬೇಡಿ. ಈಜು ಬಂದರೂ ಆ ಇಳಿಜಾರು ಹತ್ತಿ ಮೇಲೆ ಬರೋಕಾಗಲ್ಲ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ, ಎರಡು ಲಾರಿ ಟ್ಯೂಬು ನೀರಿನಲ್ಲಿ ಇರಲಿ, ಅವು ಇಲ್ಲದೆ ಡ್ರಮ್ಮು ಇಳಿಸಬೇಡಿ.