ಆರ್‌ಎಕ್ಸ್ 100: ಕಾರ್ಬೋರೇಟರ್ ಬದಲಿಸುವ ಮೊದಲು ರೀಡ್ ವಾಲ್ವ್ ಬಿಚ್ಚಿ ನೋಡಿ

ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲೇ ನಿಂತಿತು. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಅದರ ಸದ್ದು ಮಾತ್ರ ಇನ್ನೂ ನಿಂತಿಲ್ಲ. ಆ ಗಾಡಿ ಮುಂಜಾನೆ ಎಷ್ಟು ಕಿಕ್ ಹೊಡೆದರೂ ಏಳದಿದ್ದರೆ, ಸ್ಲೋದಲ್ಲಿ (ಎಕ್ಸಲರೇಟರ್ ಕೊಡದೆ ಬಿಟ್ಟಾಗ) ನಿಲ್ಲದಿದ್ದರೆ, ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: ‘ಕಾರ್ಬೋರೇಟರ್ ಹೋಗೇತ್ರಿ ಸರ, ಹೊಸಾದು ಹಾಕಸ್ರಿ.’ ಹೊಸದು ಬಂದರೂ ರೋಗ ಹೋಗುವುದಿಲ್ಲ. ಆಮೇಲೆ ಬೋರ್ ಕೆಲಸ (ಸಿಲಿಂಡರ್ ಕೊರೆಸುವುದು), ಮತ್ತೊಂದು ಬಿಲ್ಲು. ಕಾರ್ಬೋರೇಟರ್ ಹಿಂದೆ ಅಡಗಿ ಕೂತ ರೀಡ್ ವಾಲ್ವನ್ನು ಯಾರೂ ಮುಟ್ಟಿರುವುದಿಲ್ಲ.

ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಕೋಣೆಯಲ್ಲಿ ಒತ್ತಡ ಇಳಿದು ಈ ವಾಲ್ವಿನ ತೆಳು ಎಲೆಗಳು ತೆರೆಯುತ್ತವೆ, ಪೆಟ್ರೋಲು-ಗಾಳಿ ಒಳಬರುತ್ತದೆ. ಪಿಸ್ಟನ್ ಇಳಿಯುವಾಗ ಎಲೆಗಳು ಮುಚ್ಚಿ, ಬಂದದ್ದು ವಾಪಸ್ ಹೋಗದಂತೆ ತಡೆಯಬೇಕು. ಎಲೆ ಬಾಗಿದ್ದರೆ, ಸೀಳಿದ್ದರೆ ಒಳಗೆ ಬಂದದ್ದೇ ಹೊರಗೆ ಉಗುಳುತ್ತದೆ. ಏರ್ ಫಿಲ್ಟರ್ ಕಡೆಯ ರಬ್ಬರ್ ಕಳಚಿ ಕಿಕ್ ಹೊಡೆಯಿರಿ. ಕಾರ್ಬೋರೇಟರ್ ಬಾಯಿಂದ ಪೆಟ್ರೋಲಿನ ಹನಿ ಹಿಂದಕ್ಕೆ ಸಿಡಿದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಜೋರಾಗಿ ಓಡಿಸುವಾಗ ಗಾಡಿ ಸರಿಯಾಗಿಯೇ ಇದ್ದು, ನಿಧಾನಕ್ಕೆ ಏರು ಹತ್ತುವಾಗ ಮಾತ್ರ ಸೊರಗುವುದೂ ಇದರದೇ ಗುರುತು.

ಬಿಚ್ಚುವ ಕೆಲಸ ಸುಲಭ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೋರೇಟರ್ ತೆಗೆದು, 10 ನಂಬರ್ ಪಾನಾದಿಂದ ಮ್ಯಾನಿಫೋಲ್ಡ್ (ಕಾರ್ಬೋರೇಟರನ್ನು ಸಿಲಿಂಡರಿಗೆ ಸೇರಿಸುವ ಕೊಳವೆ) ಬೋಲ್ಟ್ ಬಿಚ್ಚಿದರೆ ಎಲೆಗಳನ್ನು ಹೊತ್ತ ರೀಡ್ ಬ್ಲಾಕ್ ಹೊರಬರುತ್ತದೆ. ಅಂಟಿಕೊಂಡಿದ್ದರೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಟೆಸ್ಟರ್ (ಸ್ಕ್ರೂಡ್ರೈವರ್) ತುರುಕಿ ಮೀಟಿದರೆ ಅಲ್ಯೂಮಿನಿಯಂ ಮುಖಕ್ಕೆ ಗೀರು ಬಿದ್ದು ಆಮೇಲೆ ಯಾವ ಗ್ಯಾಸ್ಕೆಟ್ಟೂ ಕೂರುವುದಿಲ್ಲ. ಸಿಲಿಂಡರಿನ ಬಾಯಿಗೆ ತಕ್ಷಣ ಒಣ ಬಟ್ಟೆ ತುಂಬಿ.

ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಎಲೆಯ ಅಂಚಿನಲ್ಲಿ ಬೆಳಕು ಇಣುಕಿದರೆ, ತೆಳು ಫೀಲರ್ ಗೇಜ್ (ಸಂದಿ ಅಳೆಯುವ ತಗಡು) ನುಸುಳಿದರೆ ಎಲೆ ಬದಲಿಸಿ. ಎಲೆಯ ಮೂಲೆ ಮುರಿದಿದ್ದರೆ ಆ ತುಂಡು ಸಿಗುವವರೆಗೆ ಇಂಜಿನ್ ಚಾಲೂ ಮಾಡಲೇಬೇಡಿ.

ಬಹಳ ಮಂದಿ ಎಡವುವುದು ಸ್ಕ್ರೂ ಕೆಲಸದಲ್ಲಿ. ಎಲೆಗಳನ್ನು ಬ್ಲಾಕಿಗೆ ಹಿಡಿದಿಡುವ ಪುಟ್ಟ ಸ್ಕ್ರೂಗಳಿಗೆ ಥ್ರೆಡ್ ಲಾಕ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿರುತ್ತಾರೆ. ಸವೆದ ಟೆಸ್ಟರ್ ಹಿಡಿದು ತಿರುವಿದರೆ ತಲೆ ಸವೆಯುತ್ತದೆ, ಸ್ಕ್ರೂ ಅಲುಗುವುದಿಲ್ಲ. ಬಿಸಿ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಸರಿಯಾಗಿ ಕೂರುವ ಹೊಸ ಟೆಸ್ಟರಿನಿಂದ ಒತ್ತಿ ತಿರುವಿ. ಆದರೆ ಇದಕ್ಕೂ ಮೊದಲು ಬ್ಲಾಕಿನ ಪೆಟ್ರೋಲು ಪೂರ್ತಿ ಆರಿರಬೇಕು, ತೊಳೆದ ಡಬ್ಬಿ ದೂರ ಇರಬೇಕು. ಎಲೆ ತೆಗೆಯುವ ಮುನ್ನ ಎಲೆ ಅತಿಯಾಗಿ ತೆರೆಯದಂತೆ ತಡೆಯುವ ಸ್ಟಾಪರ್ ತಗಡು ಎಷ್ಟು ಎತ್ತರಕ್ಕಿದೆ ಎಂದು ಅಳೆದು ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೊಸ ಎಲೆಗೆ ಕತ್ತರಿಸಿದ ಮೂಲೆ ಇದ್ದರೆ ಅದು ಸ್ಟಾಪರಿನ ಕತ್ತರಿಸಿದ ಮೂಲೆಗೇ ಹೊಂದಬೇಕು. ಎಲೆ ಬ್ಲಾಕಿನ ಕಿಂಡಿಯ ಎಲ್ಲ ಅಂಚನ್ನೂ ಸಮನಾಗಿ ಮುಚ್ಚಬೇಕು. ಸರಿಯಾಗಿ ಕೂರಲಿಲ್ಲವೆಂದು ಬೆರಳಿನಿಂದ ಬಗ್ಗಿಸಿ ‘ಸೆಟ್’ ಮಾಡುವವರಿದ್ದಾರೆ. ಬಗ್ಗಿಸಿದ ಎಲೆ ಅಂದೇ ಕೆಟ್ಟಂತೆ. ಪಿಕಪ್ ಹೆಚ್ಚಲಿ ಎಂದು ಸ್ಟಾಪರ್ ಮೇಲೆತ್ತುವ ಹುಡುಗರೂ ಕೇಳಿಸಿಕೊಳ್ಳಲಿ: ಎಲೆ ಮಿತಿಮೀರಿ ಬಾಗಿ ಬೇಗ ಸೀಳುತ್ತದೆ.

ಹೊಸ ಸ್ಕ್ರೂಗೆ ನೀಲಿ ಥ್ರೆಡ್ ಲಾಕ್ ಒಂದೇ ಹನಿ. ಕೆಂಪು ಬೇಡ, ಮುಂದಿನ ಸಲ ಬಿಚ್ಚುವವನು ನಿಮ್ಮನ್ನೇ ಬೈಯುತ್ತಾನೆ. ಉಗುರು ಬಣ್ಣವಂತೂ ಬೇಡವೇ ಬೇಡ. ಹನಿ ಎಲೆಗೆ ತಾಗಬಾರದು. ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬನ್ನಿ. ತೋಳಿನ ಬಲ ಬೇಡ, ಬೆರಳಿನ ಬಲ ಸಾಕು.

ಎಲೆ ಉಕ್ಕಿನದೋ ಫೈಬರಿನದೋ ಎಂಬ ಜಗಳ ಇದ್ದೇ ಇದೆ. ಉಕ್ಕಿನ ಚೂರು ಒಳಗೆ ಬಿದ್ದರೆ ಪಿಸ್ಟನ್ನನ್ನೇ ತಿಂದು ಹಾಕುತ್ತದೆ, ಫೈಬರ್ ಅಷ್ಟು ಹಾನಿ ಮಾಡುವುದಿಲ್ಲ, ನಿಜ. ಆದರೂ ದಿನಾ ಓಡುವ ಗಾಡಿಗೆ ಕಂಪನಿಯ ಎಲೆಯೇ ನನ್ನ ಮಾತು. ಹೆಸರಿಲ್ಲದ ಪಾಕೀಟಿನ ಅಗ್ಗದ ಬ್ಲಾಕ್ ಕೊಳ್ಳುವುದಾದರೆ ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲೇ ಬೆಳಕು ಇಣುಕುವಂಥವು ಬರುತ್ತವೆ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಕಡ್ಡಾಯ. ಸಾಮಾನ್ಯ ಸಿಲಿಕಾನ್ ಬಳಿಯಬೇಡಿ, ಪೆಟ್ರೋಲಿಗೆ ಅದು ಉಬ್ಬಿ, ಕಿತ್ತು, ಇಂಜಿನ್ ಒಳಗೆ ಹೋಗುತ್ತದೆ. ಸಿಲಿಂಡರಿನ ಬಾಯಿಗೆ ತುಂಬಿದ್ದ ಬಟ್ಟೆ ತೆಗೆಯಲು ಮರೆಯಬೇಡಿ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಕಾರ್ಬೋರೇಟರ್ ಹಿಡಿಯುವ ರಬ್ಬರನ್ನು ಮಡಿಚಿ ನೋಡಿ, ಬಿರುಕು ಕಂಡರೆ ಅದನ್ನೂ ಬದಲಿಸಿ. ಅಲ್ಲಿಂದ ಗಾಳಿ ಎಳೆದರೆ ಇಂಜಿನ್ ಬಿಸಿಯಾಗಿ ಪಿಸ್ಟನ್ ಜಾಮ್ ಆಗುತ್ತದೆ.

ಚಾಲೂ ಮಾಡಿ ಸ್ಲೋದಲ್ಲಿ ಬಿಟ್ಟು, ಜೋಡಣೆಯ ಸುತ್ತ ಸೋಪಿನ ನೀರು ಹನಿಸಿ. ಇಂಜಿನ್ ಸದ್ದು ಬದಲಾದರೆ ಗಾಳಿ ಎಳೆಯುತ್ತಿದೆ, ಬಿಚ್ಚಿ ಮತ್ತೆ ಕೂರಿಸಿ. ಬದಲಾಗದಿದ್ದರೆ ಇಂಜಿನ್ ಬಿಸಿಯಾದ ಮೇಲೆ ಸ್ಲೋ ಸ್ಕ್ರೂ ಹೊಂದಿಸಿ. ಸೋರುವ ವಾಲ್ವಿಗಾಗಿ ಹಿಂದೆ ಯಾರೋ ಅದನ್ನು ಏರಿಸಿಟ್ಟಿರುತ್ತಾರೆ, ಈಗ ಇಳಿಸಬೇಕಾಗುತ್ತದೆ.