ಪ್ರಿಂಟ್ ಕಂಟ್ರೋಲರ್‌ನ ಫೈಲ್‌ಗಳನ್ನು ಟೇಪ್‌ಗೆ ಇಳಿಸುವುದು ಹೇಗೆ?

ಪತ್ತನಾಜೆ ಕಳೆಯಿತೆಂದರೆ ಉಡುಪಿ, ಮಂಗಳೂರಿನ ಪ್ರೆಸ್‌ಗಳಿಗೆ ಸ್ವಲ್ಪ ಪುರುಸೊತ್ತು. ಮೇ 24ರ ಆಸುಪಾಸಿನ ಆ ದಿನಕ್ಕೆ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಹ್ಯಾಂಡ್‌ಬಿಲ್, ಆಮಂತ್ರಣ ಪತ್ರಿಕೆಗಳ ಅವಸರವೂ ಇಳಿಯುತ್ತದೆ. ಮಳೆ ಹಿಡಿಯುವ ಮೊದಲು ಕಂಟ್ರೋಲರ್‌ನ ಬ್ಯಾಕಪ್ ಮಾಡಿಬಿಡಿ.

ಕಂಟ್ರೋಲರ್ ಅಂದರೆ ಡಿಜಿಟಲ್ ಮೆಷಿನ್‌ನ ಜೊತೆಗಿರುವ ಕಂಪ್ಯೂಟರ್. ಪಿಡಿಎಫ್ ಪುಟವನ್ನು ಚುಕ್ಕೆಗಳಾಗಿ ಬಿಡಿಸಿ ಮೆಷಿನ್‌ಗೆ ಕೊಡುವುದು ಅದೇ. ಡಿಸ್ಕ್ ಹೋದರೆ ಸಾಫ್ಟ್‌ವೇರ್ ಮತ್ತೆ ಹಾಕಬಹುದು. ವರ್ಷಗಟ್ಟಲೆ ತಿದ್ದಿ ತೀಡಿದ ಬಣ್ಣದ ಪ್ರೊಫೈಲ್ (ಬಣ್ಣ ಸರಿ ಬರಿಸುವ ಫೈಲ್), ಕ್ಯೂ (ಪ್ರಿಂಟಿಗೆ ಕಾಯುವ ಕೆಲಸಗಳ ಸಾಲು) ಸೆಟ್ಟಿಂಗ್, ಕನ್ನಡ ಫಾಂಟ್‌ಗಳನ್ನು ಯಾರು ತಂದುಕೊಡುತ್ತಾರೆ?

ಮೊದಲು ಕ್ಯೂ ನಿಲ್ಲಿಸಿ. ಓಡುತ್ತಿರುವ ಕೆಲಸ ಮುಗಿಯಲಿ. ಫೈಲ್ ಬದಲಾಗುತ್ತಿರುವಾಗಲೇ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿಕೊಳ್ಳುತ್ತದೆ. ಸಾಫ್ಟ್‌ವೇರ್ ವರ್ಷನ್, ಐಪಿ ವಿಳಾಸ, ಲೈಸೆನ್ಸ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ಡಿಸ್ಕ್ ಸತ್ತ ದಿನ ಇವನ್ನು ತೋರಿಸಲು ಸ್ಕ್ರೀನ್ ಇರುವುದಿಲ್ಲ.

ಟೇಪ್ ಇರುವ ಡಬ್ಬಿ, ಅಂದರೆ ಕಾರ್ಟ್ರಿಜ್‌ನ ಅಂಚಿನಲ್ಲಿರುವ ಸಣ್ಣ ಸ್ವಿಚ್ ನೋಡಿ. ಬೀಗದ ಕಡೆಗಿದ್ದರೆ ಟೇಪ್ ಬರೆಸಿಕೊಳ್ಳುವುದಿಲ್ಲ. ಎಲ್‌ಟಿಒ ಎಂಬ ಬಗೆಯ ಬ್ಯಾಕಪ್ ಟೇಪ್‌ನಲ್ಲಿ 5ನೇ ತಲೆಮಾರಿನ ಒಂದು ಕಾರ್ಟ್ರಿಜ್ 1.5 ಟೆರಾಬೈಟ್ ಹಿಡಿಯುತ್ತದೆ. ಸಿಸ್ಟಮ್ ಫೈಲ್‌ಗಳಿಗೆ ಧಾರಾಳ ಸಾಕು. ಕಂಟ್ರೋಲರ್‌ನ ಮೆನುವಿನಲ್ಲೇ ಬ್ಯಾಕಪ್ ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ ಲಿನಕ್ಸ್, ಸೋಲಾರಿಸ್ ಮೇಲೆ ನಡೆಯುವ ಕಂಟ್ರೋಲರ್‌ಗಳಲ್ಲಿ 'ಟಾರ್' ಎಂಬ ಕಮಾಂಡ್ ಇದೆ. ಟೇಪ್ ಆರ್ಕೈವ್ ಎಂಬುದರ ಚುಟುಕು ಹೆಸರು ಅದು, ಹುಟ್ಟಿದ್ದೇ ಈ ಕೆಲಸಕ್ಕೆ.

ಇಲ್ಲೊಂದು ಕಡೆ ಜಾಸ್ತಿ ಎಚ್ಚರ ಬೇಕು. ಟೇಪ್ ಡ್ರೈವ್‌ಗೆ ಕಂಪ್ಯೂಟರ್‌ನಲ್ಲಿ ಎರಡು ಹೆಸರು ಇರುತ್ತವೆ. ಒಂದು ಹೆಸರಿನಿಂದ ಬರೆದರೆ, ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದರಲ್ಲಿ ನಿಂತಲ್ಲೇ ನಿಲ್ಲುತ್ತದೆ. ನಾನು ಇದನ್ನು ಗಮನಿಸದೆ ಒಮ್ಮೆ ಇಡೀ ಸಿಸ್ಟಮ್ ಬರೆದೆ, ಆಮೇಲೆ ಅದೇ ಟೇಪ್‌ಗೆ ಫಾಂಟ್‌ಗಳನ್ನು ಬರೆದೆ. ಫಾಂಟ್‌ಗಳು ಸಿಸ್ಟಮ್‌ನ ಮೇಲೆಯೇ ಕೂತವು. ತುಲಾ ತಿಂಗಳ ಒಂದು ಸಿಡಿಲಿಗೆ ಡಿಸ್ಕ್ ಹೋದಾಗಲೇ ಅದು ಗೊತ್ತಾಗಿದ್ದು. ಬ್ರಹ್ಮಕಲಶದ ಆಮಂತ್ರಣದ ಕುಂಕುಮ ಬಣ್ಣ ಸರಿ ಬರಿಸಲು ಎರಡು ರಾತ್ರಿ ಬೇಕಾಯಿತು.

ಆದ್ದರಿಂದ ಬರೆದ ಟೇಪನ್ನು ಅವತ್ತೇ ಓದಿ. ಮೊದಲಿಗೆ ಸುತ್ತಿ, ಒಳಗಿನ ಫೈಲ್‌ಗಳ ಪಟ್ಟಿ ತೆಗೆಯಿರಿ. ಪಟ್ಟಿ ಬಂತೆಂದು ಅಲ್ಲಿಗೇ ಬಿಡಬೇಡಿ. ಒಂದು ಪ್ರೊಫೈಲ್, ಒಂದು ಫಾಂಟ್ ಬೇರೆ ಫೋಲ್ಡರ್‌ಗೆ ಇಳಿಸಿ, ತೆರೆದು ನೋಡಿ. ಮೂಲದ ಜೊತೆ ಹೋಲಿಸುವ ಆಯ್ಕೆ ಇದ್ದರೆ ಅದನ್ನೂ ಓಡಿಸಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಸರಿ ಬಂದರೆ ಸ್ವಿಚ್ಚನ್ನು ಬೀಗದ ಕಡೆ ತಳ್ಳಿ, ದಿನಾಂಕ ಮತ್ತು ವರ್ಷನ್ ಬರೆದ ಲೇಬಲ್ ಅಂಟಿಸಿ. ಇನ್ನೊಂದು ಪ್ರತಿ ಪ್ರೆಸ್‌ನಿಂದ ಹೊರಗೆ, ಪಸೆ ತಾಗದ ಕಡೆ ಇರಲಿ. ಎಸಿ ರೂಮಿನ ತಣ್ಣಗಿನ ಟೇಪನ್ನು ನಮ್ಮ ಸೆಕೆಗೆ ಸುಮ್ನೆ ಬಿಚ್ಚಿ ಹಿಡಿದರೆ ನೀರಿನ ಹನಿ ಕೂರುತ್ತದೆ. ಡಬ್ಬಿಯಲ್ಲೇ ಒಯ್ಯಿರಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ.